ಬಾಲ್ಡರ್ಸ್ ಗೇಟ್ 3: ಆ ಸೇತುವೆಯನ್ನು ನಾನು ದಾಟಿದ ಬಗೆ

2023ರ ಆಗಸ್ಟ್‌ನಲ್ಲಿ ಬಂದ ಬಾಲ್ಡರ್ಸ್ ಗೇಟ್ 3 ಎಂಬ, ಸರದಿಯ ಪ್ರಕಾರ ಕಾದಾಡುವ ವಿಡಿಯೊ ಗೇಮ್ ಆಡಿದವರಿಗೆ ಆ ಮುರಿದ ಸೇತುವೆ ನೆನಪಿರುತ್ತದೆ. ಗಿತ್‌ಯಾಂಕಿ ಎಂಬ ಯೋಧ ಜನಾಂಗದ ಪಹರೆ ದಳ ಅಲ್ಲಿ ಕಾದಿರುತ್ತದೆ. ಕೆಂಪು ಡ್ರ್ಯಾಗನ್ ಏರಿ ಬಂದ ಅವರ ಸೇನಾನಿ ವಾಸ್ ಮಾತು ಮುಗಿಸಿ ಹಾರಿಹೋದ. ಸದ್ಯ ಬದುಕಿದೆ ಎಂದುಕೊಂಡೆ. ಅವನು ಬಿಟ್ಟುಹೋದ ದಳವೇ ನನಗೆ ಸಾಕಾಯಿತು. ನನ್ನ ತಂಡ ಆಗ ನಾಲ್ಕನೆಯ ಲೆವೆಲ್‌ನಲ್ಲಿತ್ತು: ನಾನೇ ರೂಪಿಸಿದ ಕತ್ತಿಯಾಳು, ಪೂಜಾರಿಣಿ ಶ್ಯಾಡೋಹಾರ್ಟ್, ಮಂತ್ರವಾದಿ ಗೇಲ್, ಕಳ್ಳ ಆಸ್ಟೇರಿಯನ್. ಮೂರು ಸಲ ನಾಲ್ವರೂ ಸತ್ತರು.

ಮೊದಲ ಸಲ ಸತ್ತದ್ದು ಶುದ್ಧ ಸೋಮಾರಿತನದಿಂದ. ಮಾತುಕತೆಗೆ ನಾಲ್ವರೂ ಮದುವೆ ಮನೆಯ ಫೋಟೊಗೆ ನಿಂತಂತೆ ಒತ್ತಾಗಿ ನಿಂತಿದ್ದೆವು. ಗೇಲ್‌ಗೆ ಒಂದು ಸರದಿಯೂ ಸಿಗಲಿಲ್ಲ.

ಎರಡನೆಯ ಸಲ ವೇಗದ ಮದ್ದು ಕುಡಿದು ಹೋದೆ. ಅದು ಕೊಡುವುದು ಮೂರೇ ಸರದಿಯ ಹುರುಪು. ಇಳಿದ ಮೇಲೆ ಕುಡಿದವರು ಒಂದು ಸರದಿ ಪೂರ್ತಿ ಕೈಕಾಲು ಆಡಿಸದೆ ನಿಲ್ಲುತ್ತಾರೆ. ಇಬ್ಬರು ಶತ್ರುಗಳು ಉಳಿದಿದ್ದಾಗ ನನ್ನ ಕತ್ತಿಯಾಳು ಹಾಗೆ ನಿಂತ. ಮುಂದಿನದನ್ನು ಬರೆಯಬೇಕಿಲ್ಲ.

ಮೂರನೆಯ ಸೋಲು ಮಾತ್ರ ನನ್ನನ್ನು ಕೂರಿಸಿ ಲೆಕ್ಕ ಹಾಕಿಸಿತು. ಆ ಸಲ ಏನೂ ಎಡವಟ್ಟು ಮಾಡಿರಲಿಲ್ಲ, ಆದರೂ ಸೋತೆ. ಒಬ್ಬೊಬ್ಬರು ಒಬ್ಬೊಬ್ಬ ಶತ್ರುವನ್ನು ಹಂಚಿಕೊಂಡು ಹೊಡೆದಿದ್ದೆವು. ಶ್ಯಾಡೋಹಾರ್ಟ್ ಪ್ರತಿ ಸರದಿಯಲ್ಲೂ ಯಾರಿಗಾದರೂ ಗಾಯ ವಾಸಿ ಮಾಡುತ್ತಿದ್ದಳು. ಕೊನೆಗೆ ನೋಡಿದರೆ ಶತ್ರುಗಳೆಲ್ಲರೂ ಅರೆಜೀವವಾಗಿದ್ದರು, ಸತ್ತವನು ಒಬ್ಬನೂ ಇಲ್ಲ. ಈ ಆಟದಲ್ಲಿ ಅರೆಜೀವ ಎಂಬುದಕ್ಕೆ ಅರ್ಥವೇ ಇಲ್ಲ. ಒಂದೇ ಅಂಕದ ಜೀವ ಉಳಿದವನೂ ಪೂರ್ತಿ ಬಲದಿಂದ ಹೊಡೆಯುತ್ತಾನೆ. ಎಂಟು ಅಂಕ ವಾಸಿ ಮಾಡುವಷ್ಟರಲ್ಲಿ ಹದಿನೈದು ಅಂಕದ ಏಟು ಬೀಳುತ್ತದೆ. ಅಂದಿನಿಂದ ಏಟಿನ ಅಂಕ ಎಣಿಸುವುದನ್ನು ಬಿಟ್ಟು ಸರದಿಗಳನ್ನು ಎಣಿಸತೊಡಗಿದೆ: ಈ ಸುತ್ತಿನಲ್ಲಿ ಅವರಿಗೆಷ್ಟು, ನಮಗೆಷ್ಟು?

ಹಾಗೆ ನೋಡಿದಾಗ ಮೊದಲು ಕಂಡದ್ದು ಸರದಿಯ ಕ್ರಮ. ಈ ಆಟದ ನಿಯಮಗಳಿಗೆ ಮೂಲವಾದ, ಮೇಜಿನ ಮೇಲೆ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಲ್ಲಿ ಇದಕ್ಕೆ ಇಪ್ಪತ್ತು ಮುಖದ ದಾಳ. ಇಲ್ಲಿ ನಾಲ್ಕೇ ಮುಖದ್ದು. ದಾಳ ಇಷ್ಟು ಚಿಕ್ಕದಾದರೆ ಅದೃಷ್ಟಕ್ಕೆ ಜಾಗ ಕಡಿಮೆ, ಚುರುಕುತನದಿಂದ ಬರುವ +3ರ ತೂಕ ಹೆಚ್ಚು. ಅಲರ್ಟ್ ಎಂಬ ಫೀಟ್ (ಪಾತ್ರಕ್ಕೆ ಆರಿಸಿಕೊಳ್ಳುವ ವಿಶೇಷ ಗುಣ) +5 ಕೊಡುತ್ತದೆ. ನಾಲ್ಕನೆಯ ಲೆವೆಲ್‌ನಲ್ಲಿ ನಾನು ಬೇರೇನೋ ಆರಿಸಿಕೊಂಡಿದ್ದೆ. ಶಿಬಿರದಲ್ಲಿ ಪಾತ್ರಗಳ ಆಯ್ಕೆಗಳನ್ನು ಬದಲಿಸಿಕೊಡುವ ವಿದರ್ಸ್‌ಗೆ 100 ಚಿನ್ನ ಕೊಟ್ಟು ಗೇಲ್‌ನನ್ನು ಹೊಸದಾಗಿ ಕಟ್ಟಿಸಿ ಅಲರ್ಟ್ ಕೊಡಿಸಿದೆ. ಮಂತ್ರವಾದಿ ಎಲ್ಲರಿಗಿಂತ ಮೊದಲು ಆಡಬೇಕು ಎಂಬುದು ನನ್ನ ಪಕ್ಷ. ಸತ್ತ ಮೇಲೆ ಅವನ ಮಂತ್ರದ ಪುಸ್ತಕ ಯಾರಿಗೆ ಬೇಕು? ಇನ್ನೊಂದು ಅನುಕೂಲವೂ ಇದೆ. ಕ್ರಮದಲ್ಲಿ ನಮ್ಮವರು ಅಕ್ಕಪಕ್ಕ ಬಂದರೆ ಅವರನ್ನು ಒಬ್ಬರೊಳಗೊಬ್ಬರನ್ನು ಹೆಣೆದು ಆಡಿಸಬಹುದು. ಅರ್ಧ ಇವನು, ನಡುವೆ ಅವಳು, ಮತ್ತೆ ಇವನು.

ನಾಲ್ಕನೆಯ ಸಲ ಗುಂಪು ಬಿಡಿಸಿದೆ. ಮಾತಿಗೆ ಹೋದದ್ದು ಕತ್ತಿಯಾಳು ಒಬ್ಬನೇ. ಗೇಲ್ ಹಿಂದೆ ಎತ್ತರದಲ್ಲಿ, ಆಸ್ಟೇರಿಯನ್ ಬಿಲ್ಲು ಹಿಡಿದು ಪಕ್ಕದಲ್ಲಿ, ಶ್ಯಾಡೋಹಾರ್ಟ್ ಬಂಡೆಯ ಮರೆಯಲ್ಲಿ. ಎತ್ತರದಿಂದ ಹೊಡೆದರೆ ಗುರಿಗೆ +2 ಸಿಗುತ್ತದೆ. ಆದರೆ ಗಿತ್‌ಯಾಂಕಿಗಳ ಎದುರು ಎತ್ತರವೊಂದನ್ನೇ ನಂಬಬಾರದು, ಅವರು ಮಿಡತೆಗಳಂತೆ ಹಾರಿ ಬರುತ್ತಾರೆ. ನೆಲಕ್ಕೆ ಗ್ರೀಸ್ ಮಂತ್ರ ಬಳಿಯುವ ನನ್ನ ಮೆಚ್ಚಿನ ಉಪಾಯವೂ ಹಾರಬಲ್ಲವರ ಮುಂದೆ ಅರ್ಧಕ್ಕರ್ಧ ವ್ಯರ್ಥ.

ಕಾಳಗ ಶುರುವಾಯಿತು. ಗೇಲ್‌ನ ಹೋಲ್ಡ್ ಪರ್ಸನ್ ಮಂತ್ರ ಅವರ ಮುಖಂಡಳಿಗೆ ತಗುಲಿತು. ಹಾಗೆ ಮರಗಟ್ಟಿದವರಿಗೆ ಹತ್ತಿರದಿಂದ ತಾಗಿದ ಪ್ರತಿ ಏಟೂ ಕ್ರಿಟಿಕಲ್, ಅಂದರೆ ಏಟಿನ ದಾಳಗಳು ದುಪ್ಪಟ್ಟು. ಕತ್ತಿಯಾಳು ಹೊಡೆದ, ಅದೇ ಸರದಿಯಲ್ಲಿ ಇನ್ನೊಂದು ಅವಕಾಶ ಕೊಡುವ ಆಕ್ಷನ್ ಸರ್ಜ್ ಬಳಸಿ ಮತ್ತೆ ಹೊಡೆದ. ನಮ್ಮವನು ಪಕ್ಕದಲ್ಲೇ ಇದ್ದುದರಿಂದ ಆಸ್ಟೇರಿಯನ್‌ನ ಕಳ್ಳಏಟೂ ಸೇರಿತು. ಮೊದಲ ಸುತ್ತಿನಲ್ಲೇ ಅವರ ಒಂದು ಸರದಿ ಶಾಶ್ವತವಾಗಿ ಹೋಯಿತು. ಶ್ಯಾಡೋಹಾರ್ಟ್ ಕಮಾಂಡ್ ಮಂತ್ರದಿಂದ ಇನ್ನೊಬ್ಬನಿಗೆ ‘ನಿಲ್ಲು’ ಎಂದಳು. ಅವನೂ ನಿಂತ. ಇದು ಮೊದಲ ಹಂತದ ಮಂತ್ರ, ಒಮ್ಮೆಗೆ ಒಂದೇ ಮಂತ್ರಕ್ಕೆ ಸಾಲುವ ಏಕಾಗ್ರತೆಯೂ ಇದಕ್ಕೆ ಬೇಡ. ಇಷ್ಟು ಅಗ್ಗದ ಮಂತ್ರವನ್ನು ಮೂರು ಸೋಲುಗಳಲ್ಲಿ ಒಮ್ಮೆಯೂ ಬಳಸದೆ ಇದ್ದೆನಲ್ಲ ಎಂದು ನನಗೆ ಈಗಲೂ ಸಿಟ್ಟು.

ಎರಡನೆಯ ಸುತ್ತಿನಲ್ಲಿ ಒಬ್ಬ ಹಾರಿ ಬಂದು ಗೇಲ್‌ನನ್ನು ಕೆಡವಿದ. ಹಿಂದಿನ ಸಲವಾದರೆ ಕತ್ತಿಯಾಳನ್ನು ಓಡಿಸಿ, ಅವನ ಆಕ್ಷನ್ (ಸರದಿಯ ಮುಖ್ಯ ಕೆಲಸ) ಖರ್ಚು ಮಾಡಿಸಿ ಎಬ್ಬಿಸುತ್ತಿದ್ದೆ. ಈಗ ಶ್ಯಾಡೋಹಾರ್ಟ್ ಇದ್ದಲ್ಲಿಂದಲೇ ವಾಸಿ ಮಾಡುವ ಹೀಲಿಂಗ್ ವರ್ಡ್ ಮಂತ್ರ ಹೇಳಿದಳು. ಅದು ಬೋನಸ್ ಆಕ್ಷನ್ (ಮುಖ್ಯ ಕೆಲಸದ ಜೊತೆಗೆ ಸಿಗುವ ಚಿಕ್ಕ ಕೆಲಸ), 18 ಮೀಟರ್ ದೂರಕ್ಕೂ ತಲುಪುತ್ತದೆ. ಕೊಡುವ ಜೀವ ಅತ್ಯಲ್ಪ, ಆದರೆ ಬಿದ್ದವನು ಏಳುತ್ತಾನೆ. ನನಗೆ ಬೇಕಾದದ್ದು ಅವನ ಸರದಿ. ಅವಳ ಮುಖ್ಯ ಆಕ್ಷನ್ ಇನ್ನೊಂದು ಕಮಾಂಡ್‌ಗೆ ಉಳಿಯಿತು.

ಓದಿದರೆ ಒಮ್ಮೆ ಮಂತ್ರ ಹಾಕುವ ಸುರುಳಿಗಳ ವಿಷಯದಲ್ಲಿ ನಾನು ಮಹಾ ಜಿಪುಣ. ಉಪ್ಪಿನಕಾಯಿ ಭರಣಿಯಂತೆ ಮುಂದಕ್ಕೆ ಬೇಕಾದೀತೆಂದು ಕೂಡಿಡುತ್ತೇನೆ. ಈ ಆಟದಲ್ಲಿ ಮಂತ್ರ ಬಾರದವರೂ ಸುರುಳಿ ಓದಬಹುದು. ಅಂದು ಕಳ್ಳನ ಕೈಯಲ್ಲೂ ಒಂದನ್ನು ಓದಿಸಿದೆ. ಅಂಚಿನಲ್ಲಿ ನಿಂತವನನ್ನು ತಳ್ಳುವ ಅವಕಾಶ ಬಂದಾಗ ಮಾತ್ರ ಬಿಟ್ಟೆ, ಏಕೆಂದರೆ ಬಿದ್ದವನ ಜೊತೆ ಅವನ ಕತ್ತಿಯೂ ಕಂದಕಕ್ಕೆ ಹೋಗುತ್ತದೆ. ಆ ದುರಾಸೆಗೆ ಆಸ್ಟೇರಿಯನ್ ಬೆಲೆ ತೆತ್ತ. ಕೊನೆಯ ಶತ್ರು ಬಿದ್ದಾಗ ಅವನು ನೆಲದ ಮೇಲಿದ್ದ. ಮೊದಲು ಕತ್ತಿ ಎತ್ತಿಕೊಂಡು, ಆಮೇಲೆ ಅವನನ್ನು ಎಬ್ಬಿಸಿದೆ.