ಆಕ್ಸಿಮೀಟರ್ 98 ತೋರಿಸಿದ್ರೂ ಎದೆನೋವನ್ನ ಹಗುರಾಗಿ ತಗೋಬೇಡಿ: ಹೃದಯದ ಆಕ್ಸಿಜನ್ ಲೆಕ್ಕ ತಿಳ್ಕೊಳ್ಳೋದು ಹೇಗೆ?

ಕೊರೊನಾ ಬಂದು ಹೋದ್ಮೇಲೆ ನಮ್ಮ ಶಿರಸಿ, ಕುಮಟಾ, ಕಾರವಾರ ಕಡೆ ಸುಮಾರು ಮನೇಲಿ ಬೆರಳಿಗೆ ಸಿಗಿಸೋ ಆಕ್ಸಿಮೀಟರ್ ಒಂದು ಇದೆ. ಅಪ್ಪಂಗೆ ಎದೆ ಹಿಡ್ಕೊಂಡಂಗಾಯ್ತು ಅಂದ್ರೆ ಮೊದ್ಲು ಅದನ್ನೇ ಹುಡುಕ್ತಾರೆ, 98 ಬಂತು ಅಂದ್ರೆ "ಹಾರ್ಟ್ ಸರಿ ಇದ್ದು, ಗ್ಯಾಸ್ಟ್ರಿಕ್ಕೇ ಆಗಿಕ್ಕು" ಅಂತ ಜೀರಿಗೆ ಕಷಾಯ ಕುಡಿಸಿ ಮಲಗಿಸಿಬಿಡ್ತಾರೆ. ದಯವಿಟ್ಟು ಹೀಗೆ ಮಾಡಬೇಡಿ. ಆ ಮಷಿನ್ ಹೇಳೋದು ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಅಂತ ಮಾತ್ರ, ಆ ರಕ್ತ ಹೃದಯದ ಸ್ನಾಯುವಿಗೆ ಮುಟ್ತಾ ಇದೆಯಾ ಇಲ್ವಾ ಅನ್ನೋದು ಅದಕ್ಕೆ ಗೊತ್ತೇ ಆಗಲ್ಲ. ಹಾರ್ಟ್ ಅಟ್ಯಾಕ್ ಆಗ್ತಾ ಇರೋವಾಗ್ಲೂ ಅದು 98 ತೋರಿಸಬಹುದು.

ಮೊದಲು ಹೃದಯದ ಲೆಕ್ಕ ನೋಡೋಣ. ಹೃದಯದ ತುಂಬಾ ರಕ್ತ ಇದ್ರೂ ಅದರ ಸ್ನಾಯುವಿಗೆ ಊಟ ಬರೋದು ಹೊರಗಿಂದ, ಮಹಾಪಧಮನಿ ಹೊರಡೋ ಜಾಗದಲ್ಲೇ ಎರಡು ಸಣ್ಣ ನಾಳ ಕವಲೊಡೆದು ಹೃದಯದ ಮೈಮೇಲೆ ಹಬ್ಕೊಂಡಿರ್ತವೆ, ಅವೇ ಕೊರೊನರಿ ನಾಳಗಳು, ಅಗಲ ಮೂರ್ನಾಲ್ಕು ಮಿಲಿಮೀಟರ್ ಅಷ್ಟೇ. ನಾವು ಸುಮ್ನೆ ಕೂತಿರೋವಾಗ ನಮ್ಮ ಮೈ ಒಟ್ಟಾರೆ ರಕ್ತದಲ್ಲಿರೋ ಆಕ್ಸಿಜನ್‌ನಲ್ಲಿ ಸುಮಾರು ಶೇ 25ರಷ್ಟು ಬಳಸುತ್ತೆ, ಆದ್ರೆ ಹೃದಯ ತನಗೆ ಬಂದಿದ್ರಲ್ಲಿ ಶೇ 70ರಿಂದ 75ರಷ್ಟು ಆಗ್ಲೇ ತೆಗೆದುಕೊಂಡುಬಿಟ್ಟಿರುತ್ತೆ. ಕೈಲಿರೋ ನಾಲ್ಕು ರೂಪಾಯಲ್ಲಿ ಮೂರು ಖರ್ಚಾದವರ ಹಾಗೆ, ಉಳಿತಾಯ ಅನ್ನೋದೇ ಇಲ್ಲ. ಹೆಚ್ಚು ಆಕ್ಸಿಜನ್ ಬೇಕಂದ್ರೆ ಹೆಚ್ಚು ರಕ್ತ ಬರಲೇಬೇಕು, ಆರೋಗ್ಯವಂತರಲ್ಲಿ ಜೋರು ಕೆಲಸದ ಹೊತ್ತಿಗೆ ಅದು ನಾಲ್ಕೈದು ಪಟ್ಟು ಬರುತ್ತೆ ಕೂಡ. ನಾಳದೊಳಗೆ ಕೊಬ್ಬು ಕಟ್ಟಿ ದಾರಿ ಕಿರಿದಾದವರಿಗೆ ಆ ಏರಿಕೆ ಸಾಧ್ಯ ಆಗಲ್ಲ. ಇನ್ನೊಂದು ವಿಷಯ, ಮೈಗೆಲ್ಲ ರಕ್ತ ತಳ್ಳೋ ಎಡ ಹೃತ್ಕುಕ್ಷಿ (ಹೃದಯದ ಎಡ ಕೆಳಗಿನ ಕೋಣೆ) ಹಿಂಡುವಾಗ ತನ್ನ ನಾಳಗಳನ್ನೂ ಅಮುಕಿಬಿಡುತ್ತೆ, ಅದಕ್ಕೆ ರಕ್ತ ಸಿಗೋದು ಬಹುಪಾಲು ಸಡಿಲಾದಾಗಲೇ. ಬಡಿತ ಜೋರಾದಷ್ಟೂ ಸಡಿಲಾಗೋ ಹೊತ್ತು ಕಮ್ಮಿ, ಅಂದ್ರೆ ಬೇಡಿಕೆ ಏರೋ ಹೊತ್ತಿಗೇ ಪೂರೈಕೆಗೆ ಸಿಗೋ ಸಮಯ ಇಳಿಯುತ್ತೆ. ಕವಳಕ್ಕೆ (ಎಲೆ ಅಡಿಕೆಗೆ) ಹಾಕೋ ತಂಬಾಕಿನ ನಿಕೋಟಿನ್ ಕೂಡ ಬಡಿತನೂ ಬಿಪಿನೂ ಏರಿಸುತ್ತೆ, ಬೀಡಿ ಸೇದಲ್ಲ ಅಂತ ಸಮಾಧಾನ ಪಟ್ಕೊಳ್ಳೋ ಹಾಗಿಲ್ಲ.

ಇಷ್ಟು ಗೊತ್ತಾದ್ಮೇಲೆ ಎರಡನೇದು, ನೋವು ಯಾವಾಗ ಬರುತ್ತೆ ಅಂತ ಗಮನಿಸೋದು. ತೋಟದಿಂದ ಅಡಿಕೆ ಕೊನೆ ಹೊತ್ಕೊಂಡು ದಿಬ್ಬ ಹತ್ತುವಾಗ, ರಂಪಣಿ ಬಲೆ ಎಳೆಯುವಾಗ, ಊಟ ಮಾಡಿ ಜೋರಾಗಿ ನಡೆಯುವಾಗ ಎದೆ ಬಿಗಿದು, ನಿಂತ್ರೆ ಕೆಲವೇ ನಿಮಿಷದಲ್ಲಿ ಇಳೀತಾ ಇದೆ ಅಂದ್ರೆ ಅದು ಆಂಜೈನಾ, ಅಂದ್ರೆ ಹೃದಯದ ಸ್ನಾಯುವಿಗೆ ರಕ್ತ ಸಾಲದೆ ಬರೋ ನೋವು ಇರಬಹುದು. ತೋರಿಸೋ ರೀತಿನೂ ನೋಡಿ, ಎಷ್ಟೋ ಜನ ಬೆರಳಲ್ಲಿ ಒಂದು ಕಡೆ ತೋರಿಸಲ್ಲ, ಮುಷ್ಟಿ ಕಟ್ಟಿ ಎದೆ ನಡುವೆ ಒತ್ತಿ ಹಿಡೀತಾರೆ. ದವಡೆ, ಭುಜ, ಎಡಗೈಗೂ ಹರಡಬಹುದು. ಹೆಂಗಸರಿಗೆ, ಶುಗರ್ ಇದ್ದವರಿಗೆ ನೋವೇ ಇಲ್ದೆ ಬರೀ ಏದುಸಿರು, ಬೆವರು, ವಾಂತಿ ಬಂದಂಗೆ ಆಗೋದೂ ಇದೆ, ಅಮ್ಮಂದಿರು "ಸುಸ್ತು ಅಷ್ಟೇ" ಅಂತ ಅಡುಗೆಮನೇಲೇ ಇದ್ದುಬಿಡ್ತಾರೆ, ಅದೇ ನನಗೆ ಹೆಚ್ಚು ಸಂಕಟದ ವಿಷಯ.

ಹೀಗೆ ಅನ್ನಿಸಿದ್ರೆ ಡಾಕ್ಟರ್ ಹತ್ರ ಹೋಗಿ. ಆರಾಮಾಗಿ ಮಲಗಿರೋವಾಗ ತೆಗೆದ ಇಸಿಜಿ ನಾರ್ಮಲ್ ಬಂತು ಅಂತ ಮರೆತುಬಿಡಬೇಡಿ, ಬೇಡಿಕೆ ಇಲ್ಲದಾಗ ಕೊರತೆ ಕಾಣ್ಸಲ್ಲ, ಅದಕ್ಕೇ ಟ್ರೆಡ್‌ಮಿಲ್ ಮೇಲೆ ನಡೆಸಿ ನೋಡೋ ಟಿಎಂಟಿ ಇರೋದು.

ಕೂತಲ್ಲೇ ನೋವು ಬಂತು, ಹದಿನೈದು ಇಪ್ಪತ್ತು ನಿಮಿಷ ಆದ್ರೂ ಇಳೀಲಿಲ್ಲ, ಬೆವರು ಬರ್ತಾ ಇದೆ ಅಂದ್ರೆ ಕೊರೊನರಿ ನಾಳದಲ್ಲಿ ಕಟ್ಟಿದ ಕೊಬ್ಬು ಒಡೆದು ಅದರ ಮೇಲೆ ರಕ್ತ ಹೆಪ್ಪುಗಟ್ಟಿರಬಹುದು, ಅಂದ್ರೆ ಹಾರ್ಟ್ ಅಟ್ಯಾಕ್ ಆಗ್ತಾ ಇರಬಹುದು. ಬೆವರು, ಏದುಸಿರಿನ ಜೊತೆ ನೋವಿದ್ರೆ ಇಷ್ಟು ಹೊತ್ತು ಕಾಯೋದೂ ಬೇಡ. ನಡೆಸಬೇಡಿ, ಕೂರಿಸಿ, 108ಕ್ಕೆ ಫೋನ್ ಮಾಡಿ. ಆಸ್ಪಿರಿನ್ ಅಲರ್ಜಿ, ರಕ್ತಸ್ರಾವದ ತೊಂದರೆ ಇಲ್ದಿದ್ರೆ 300 ಮಿಲಿಗ್ರಾಂ ಆಸ್ಪಿರಿನ್ ಅಗಿದು ನುಂಗಿಸಬಹುದಾ ಅಂತ ಫೋನಲ್ಲೇ ಕೇಳಿ. ಪಕ್ಕದ ಮನೆಯವರ ಸಾರ್ಬಿಟ್ರೇಟ್ (ರಕ್ತನಾಳ ಹಿಗ್ಗಿಸೋ ಮಾತ್ರೆ) ತಂದು ನಾಲಿಗೆ ಕೆಳಗೆ ಇಡಬೇಡಿ, ಬಿಪಿ ಧಡಕ್ಕನೆ ಇಳಿಯಬಹುದು. ಜೋರಾಗಿ ಕೆಮ್ಮಿದ್ರೆ ಬದುಕ್ತೀರಿ ಅನ್ನೋ ವಾಟ್ಸ್ಯಾಪ್ ಮೆಸೇಜ್ ನಂಬಲೇಬೇಡಿ.

ನಮ್ಮ ಜಿಲ್ಲೆಯವರು ತಪ್ಪೋದು ಇಲ್ಲೇ. ಶಿರಸಿಯಿಂದ ಹುಬ್ಬಳ್ಳಿ ಸುಮಾರು 100 ಕಿಲೋಮೀಟರ್, ಕರಾವಳಿಯವರು ಮಣಿಪಾಲಕ್ಕೋ ಗೋವಾಕ್ಕೋ ಓಡಬೇಕು, ಹಾಗಾಗಿ "ನೇರ ದೊಡ್ಡಾಸ್ಪತ್ರೆಗೇ ಹೋಪ" ಅಂತ ಕಾರ್ ಹತ್ತಿಬಿಡ್ತಾರೆ, ಘಟ್ಟದ ದಾರೀಲಿ ಹೃದಯದ ಬಡಿತ ತಪ್ಪಿದ್ರೆ ಮಾಡೋಕೆ ಏನೂ ಇರಲ್ಲ. ಮೊದ್ಲು ಹತ್ತಿರದ ತಾಲೂಕು ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ. ಪುನೀತ್ ರಾಜ್‌ಕುಮಾರ್ ಹೆಸರಲ್ಲಿ ಸರ್ಕಾರ ತಂದಿರೋ ಹೃದಯ ಜ್ಯೋತಿ ಯೋಜನೇಲಿ ಹೆಪ್ಪು ಕರಗಿಸೋ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡ್ತಾರೆ, ಅದು ಮೊದಲ ಗಂಟೆಗಳಲ್ಲಿ ಬಿದ್ದಷ್ಟೂ ಒಳ್ಳೇದು, 12 ಗಂಟೆ ದಾಟಿದ್ರೆ ಸಾಮಾನ್ಯವಾಗಿ ಕೊಡಲ್ಲ. ಆಮೇಲೆ ಆಂಜಿಯೋಗ್ರಾಂಗೆ, ಅಂದ್ರೆ ಹೃದಯದ ನಾಳ ಎಲ್ಲಿ ಕಟ್ಟಿದೆ ಅಂತ ನೋಡೋ ಪರೀಕ್ಷೆಗೆ, ದೂರದೂರಿಗೆ ಹೋಗಿ.

ನೋವು ಶುರುವಾದ ಟೈಮನ್ನ ಚೀಟೀಲಿ ಬರೆದಿಟ್ಕೊಳ್ಳಿ, ಡಾಕ್ಟರ್ ಮೊದ್ಲು ಕೇಳೋದು ಅದನ್ನೇ. ರಕ್ತ ತೆಳು ಮಾಡೋ ಮಾತ್ರೆ ತಗೋತಾ ಇದ್ರೆ, ಹಿಂದೆ ಸ್ಟ್ರೋಕ್ ಆಗಿದ್ರೆ, ಇತ್ತೀಚೆಗೆ ಆಪರೇಷನ್ ಆಗಿದ್ರೆ ಅದನ್ನೂ ಕೇಳೋಕೆ ಮುಂಚೆನೇ ಹೇಳಿಬಿಡಿ, ಅಂಥವರಲ್ಲಿ ಕೆಲವರಿಗೆ ಆ ಇಂಜೆಕ್ಷನ್ ಕೊಡೋ ಹಾಗಿಲ್ಲ.