ಡಬ್ಲ್ಯೂಪಿಎ3 ಮನೇಲಿ ನಡೆಯಲ್ಲ ಅಂದರು, ನಡೆಸಿದೆ

ನಮ್ಮ ಮನೆಯಲ್ಲಿರುವುದು ನಾಲ್ಕು ಜನ. ಕಳೆದ ವರ್ಷ ಒಂದು ರಾತ್ರಿ ರೂಟರ್ ತೆರೆದು ನೋಡಿದರೆ 23 ಸಾಧನಗಳು ಕೂತಿದ್ದವು. ನಮ್ಮವು ಎಷ್ಟೇ ಎಣಿಸಿದರೂ 16 ದಾಟಲಿಲ್ಲ. ಮಹಡಿ ಮೇಲೆ ಬಾಡಿಗೆಗಿದ್ದ ಹುಡುಗರು ಮನೆ ಖಾಲಿ ಮಾಡಿ ಪಕ್ಕದ ಬೀದಿಗೆ ಹೋಗಿದ್ದರು. ವೈಫೈ ಮಾತ್ರ ಖಾಲಿ ಮಾಡಿರಲಿಲ್ಲ.

ಪಾಸ್‌ವರ್ಡ್ ಏನು ಅಂತೀರಾ? ನನ್ನ ಮೊಬೈಲ್ ನಂಬರ್. ಫೈಬರ್ ಹಾಕಲು ಬಂದ ಹುಡುಗ ಇಟ್ಟು ಹೋಗಿದ್ದ. ಮೈಸೂರಿನಲ್ಲಿ ನಮ್ಮ ಬೀದಿಯ ಅರ್ಧ ಮನೆಗಳದ್ದು ಇದೇ ಕಥೆ.

ಇದು ಎಷ್ಟು ಗಟ್ಟಿ ನೋಡೋಣ ಅಂತ ನಮ್ಮದೇ ನೆಟ್‌ವರ್ಕ್‌ನ ಹ್ಯಾಂಡ್‌ಶೇಕ್, ಅಂದರೆ ಫೋನ್ ಸೇರುವಾಗ ರೂಟರ್ ಜೊತೆ ನಡೆಸುವ ಗುರುತಿನ ಮಾತುಕತೆ, ಹಿಡಿದೆ. ಅಕ್ಕನ ಮಗನ ಗೇಮಿಂಗ್ ಲ್ಯಾಪ್‌ಟಾಪ್‌ನಲ್ಲಿ ಪಾಸ್‌ವರ್ಡ್ ಊಹಿಸಿ ಒಡೆಯುವ ಹ್ಯಾಶ್‌ಕ್ಯಾಟ್ ತಂತ್ರಾಂಶ ಓಡಿಸಿದೆ. ಸೆಕೆಂಡಿಗೆ ಹೆಚ್ಚುಕಮ್ಮಿ ಎರಡು ಲಕ್ಷ ನಂಬರ್ ನೋಡುತ್ತಿತ್ತು. 9ರಿಂದ ಶುರುವಾಗುವ ನಂಬರ್‌ಗಳೆಲ್ಲ ಸೇರಿದರೂ 100 ಕೋಟಿ ಅಷ್ಟೆ, ಒಂದೂವರೆ ಗಂಟೆ ಕೆಲಸ. ನನ್ನದು ಐವತ್ತು ನಿಮಿಷಕ್ಕೇ ಸಿಕ್ಕಿಬಿತ್ತು. ಲ್ಯಾಪ್‌ಟಾಪ್ ಕಾದು ದೋಸೆ ಹೆಂಚಾಗಿತ್ತು, ಅಕ್ಕನ ಮಗ ಮುಖ ಊದಿಸಿಕೊಂಡಿದ್ದ.

ನಮ್ಮದು ಡಬ್ಲ್ಯೂಪಿಎ2 ಅನ್ನುವ ಹಳೇ ವೈಫೈ ಬೀಗ. ಅದರ ಹೊಸ ರೂಪ ಡಬ್ಲ್ಯೂಪಿಎ3 ಹಾಕಿದರೆ ಹೀಗೆ ಹ್ಯಾಂಡ್‌ಶೇಕ್ ಮನೆಗೆ ಒಯ್ದು ಬೇಯಿಸಲು ಬರುವುದಿಲ್ಲ. ಅದಕ್ಕೇ ಹಟ ಹಿಡಿದೆ. ಫೈಬರ್ ಹುಡುಗ, "ಅದೆಲ್ಲ ಮನೇಲಿ ನಡೆಯಲ್ಲ ಸಾರ್, ಸುಮ್ನೆ ಯಾಕೆ ತಲೆ ಕೆಡಿಸ್ಕೊತೀರಾ" ಅಂದ. ಆಫೀಸಿನ ಗೆಳೆಯರೂ ನಕ್ಕರು.

ಮೊದಲ ಸುತ್ತಿನಲ್ಲಿ ಅವರೇ ಗೆದ್ದರು. ಕಂಪನಿ ಕೊಟ್ಟ ಡಬ್ಬದಲ್ಲಿ ಆ ಆಯ್ಕೆಯೇ ಇರಲಿಲ್ಲ. ಹಳೇ ರೂಟರ್ ಒಂದನ್ನು 900 ರೂಪಾಯಿಗೆ ತಂದೆ, ಓಪನ್‌ಡಬ್ಲ್ಯೂಆರ್‌ಟಿ ಅನ್ನುವ ಉಚಿತ ರೂಟರ್ ತಂತ್ರಾಂಶ ಹಾಕೋಣ ಅಂತ. ಬಿಚ್ಚಿ ನೋಡಿದರೆ ತಂತ್ರಾಂಶ ಕೂರುವ ಫ್ಲಾಶ್ ಮೆಮೊರಿ ಬರೀ 4 ಎಂಬಿ, ಅದಕ್ಕೆ ಸಾಲದು. ಈಗ ಅದು ಕಾಗದದ ಮೇಲಿಡುವ ಭಾರ. ಆಮೇಲೆ ಸುಮಾರು 2,400 ಕೊಟ್ಟು ಹೊಸದನ್ನೇ ತಂದೆ.

ಹೊಸದರಲ್ಲಿ ಪೂರ್ತಿ ಡಬ್ಲ್ಯೂಪಿಎ3 ಹಾಕಿದ ಸಂಜೆ ಟಿವಿ, ಕ್ಯಾಮೆರಾ, ಎರಡು ಸ್ಮಾರ್ಟ್ ಪ್ಲಗ್, ಪ್ರಿಂಟರ್ ಎಲ್ಲ ಒಟ್ಟಿಗೆ ಬಿದ್ದವು. ಅಮ್ಮನ ಧಾರಾವಾಹಿ ಹೊತ್ತು ಬೇರೆ. "ಚೆನ್ನಾಗಿ ನಡೀತಿದ್ದಿದ್ದನ್ನ ಯಾಕೋ ಮುಟ್ಟಿದೆ?" ಅಂದರು. ಡಬ್ಲ್ಯೂಪಿಎ2, ಡಬ್ಲ್ಯೂಪಿಎ3 ಎರಡೂ ಸೇರಿದ ಟ್ರಾನ್ಸಿಶನ್ ಮೋಡ್‌ಗೆ ಇಳಿಸಿದೆ. ಟಿವಿ ಬಂತು. ಕ್ಯಾಮೆರಾ ಬರುತ್ತಿತ್ತು, ಹೋಗುತ್ತಿತ್ತು. ಪ್ಲಗ್‌ಗಳು ಬರಲೇ ಇಲ್ಲ. ನನಗೆ ಆ ಮೋಡ್ ಮೇಲೆ ಬೇರೆ ಸಿಟ್ಟೂ ಇದೆ. ಎರಡಕ್ಕೂ ಪಾಸ್‌ವರ್ಡ್ ಒಂದೇ ಅಲ್ವಾ? ಹಳೇ ಬಾಗಿಲಲ್ಲಿ ಕದ್ದ ಕೀಲಿ ಹೊಸ ಬಾಗಿಲಿಗೂ ಹಿಡಿಯುತ್ತದೆ.

ಕೊನೆಗೆ ವೈಫೈ ಹೆಸರನ್ನೇ ಎರಡು ಮಾಡಿದೆ. ಫೋನ್, ಲ್ಯಾಪ್‌ಟಾಪ್‌ಗಳಿಗೆ ಬರೀ ಡಬ್ಲ್ಯೂಪಿಎ3. ಉಳಿದ ಮೊಂಡು ಸಾಮಾನಿಗೆ 2.4 ಗಿಗಾಹರ್ಟ್ಸ್‌ನಲ್ಲಿ ಬೇರೆ ನೆಟ್‌ವರ್ಕ್: ಡಬ್ಲ್ಯೂಪಿಎ2, ಎಇಎಸ್ ಗೂಢಲಿಪಿ ಮಾತ್ರ, ಬೇರೆ ಪಾಸ್‌ವರ್ಡ್, ಪಿಎಂಎಫ್ (ಸಾಧನಗಳನ್ನು ಹೊರಗಟ್ಟುವ ಸುಳ್ಳು ಸಂದೇಶ ತಡೆಯುವ ರಕ್ಷಣೆ) ಆಫ್. ಟ್ರಾನ್ಸಿಶನ್ ಮೋಡ್‌ನಲ್ಲಿ ಆ ಪಿಎಂಎಫ್ 'ಆಪ್ಶನಲ್' ಅಂತ ಇದ್ದದ್ದಕ್ಕೇ ಪ್ಲಗ್‌ಗಳು ಮುನಿಸಿಕೊಂಡಿದ್ದು. ಇದು ಗೊತ್ತಾಗಲು ಎರಡು ಭಾನುವಾರ ಹೋಯಿತು. ಈ ಬೇರೆ ನೆಟ್‌ವರ್ಕ್‌ನಿಂದ ಫೋನ್‌ಗಳ ನೆಟ್‌ವರ್ಕ್‌ಗೆ ಬರಲು ದಾರಿ ಇಲ್ಲ. ಗುಂಡಿ ಒತ್ತಿ ಅಥವಾ ಪಿನ್ ಹಾಕಿ ಸೇರಿಸುವ ಡಬ್ಲ್ಯೂಪಿಎಸ್ ಎರಡರಲ್ಲೂ ಬಂದ್. ಫೋನಿನಿಂದ ಟಿವಿಗೆ ಯೂಟ್ಯೂಬ್ ಎಸೆಯುವುದು ಹೇಗೆ ಅಂತ ಕೇಳಬೇಡಿ. ಅದಕ್ಕೊಂದು ದಾರಿ ಹಿಡಿದಿದ್ದೇನೆ, ಅದು ನನ್ನ ಹತ್ತಿರವೇ ಇರಲಿ.

ಸಾಧನದ ಗುರುತಿನ ಸಂಖ್ಯೆ (ಮ್ಯಾಕ್) ನೋಡಿ ಒಳಗೆ ಬಿಡುವ ಮ್ಯಾಕ್ ಫಿಲ್ಟರ್ ಕೂಡ ಹಾಕಿ ನೋಡಿದ್ದೆ. ಈಗಿನ ಫೋನ್‌ಗಳು ಒಂದೊಂದು ನೆಟ್‌ವರ್ಕ್‌ಗೆ ಒಂದೊಂದು ಮ್ಯಾಕ್ ತೋರಿಸುತ್ತವೆ. ಮೂರೇ ದಿನಕ್ಕೆ ಹೆಂಡತಿಯನ್ನೇ ಹೊರಗೆ ನಿಲ್ಲಿಸಿದ್ದೆ. ತೆಗೆದು ಹಾಕಿದೆ.

ಪಾಸ್‌ವರ್ಡ್‌ಗೆ ನಾಲ್ಕು ಕನ್ನಡ ಪದ ಸೇರಿಸಿ ಇಂಗ್ಲಿಷ್ ಅಕ್ಷರದಲ್ಲಿ ಬರೆದೆ. ಅದೂ ಫಜೀತಿ ಆಯಿತು. 'ಊಟ' ಬರೆಯಲು ನಾನು ಎರಡು 'ಓ' ಹಾಕುತ್ತೇನೆ, ಹೆಂಡತಿ ಒಂದು 'ಯು'. ಟಿವಿ ರಿಮೋಟ್‌ನಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತಿ, ತಪ್ಪಿ, ಮತ್ತೆ ಮೊದಲಿನಿಂದ. ಈಗ ಎಲ್ಲರೂ ಒಂದೇ ಥರ ಬರೆಯುವ ಪದಗಳನ್ನೇ ಆರಿಸಿದ್ದೇನೆ. ಯಾವ ಥರದ ಪದ ಅಂತ ಹೇಳಿದರೆ ಅರ್ಧ ಕೀಲಿ ಕೊಟ್ಟ ಹಾಗೆ.

ಆಮೇಲೆ ಸುಮ್ನೆ ಕುತೂಹಲಕ್ಕೆ 300 ರೂಪಾಯಿಯ ಇಎಸ್‌ಪಿ8266 ಅನ್ನುವ ಪುಟ್ಟ ವೈಫೈ ಬೋರ್ಡ್ ತಂದು, ನಮ್ಮ ಮನೆ ನೆಟ್‌ವರ್ಕ್ ಮೇಲೇ ಡಿಆಥ್, ಅಂದರೆ ಹೊರಗಟ್ಟುವ ಆ ಸುಳ್ಳು ಸಂದೇಶ, ಬಿಟ್ಟು ನೋಡಿದೆ. ಪಿಎಂಎಫ್ ಇಲ್ಲದ ಕ್ಯಾಮೆರಾ ತಕ್ಷಣ ಕುರುಡಾಯಿತು. ಪಕ್ಕದಲ್ಲೇ ಡಬ್ಲ್ಯೂಪಿಎ3 ಮೇಲಿದ್ದ ನನ್ನ ಫೋನ್‌ನಲ್ಲಿ ವಿಡಿಯೋ ಕಾಲ್ ಒಂದು ಸಲವೂ ತಡವರಿಸಲಿಲ್ಲ. ಅದನ್ನು ನೋಡಿದ ಮೇಲೆ ಗೇಟಿನ ಕ್ಯಾಮೆರಾಕ್ಕೆ ವೈರ್ ಎಳೆಸಿದೆ, ಇನ್ನೊಂದು 700 ಹೋಯಿತು.

ಒಟ್ಟು ನಾಲ್ಕು ಸಾವಿರದ ಮೇಲೆ ಖರ್ಚಾಗಿರಬೇಕು. ಆರೇಳು ತಿಂಗಳಾಯಿತು, ಪಟ್ಟಿಯಲ್ಲಿ ಗೊತ್ತಿಲ್ಲದ ಹೆಸರು ಒಂದೂ ಬಂದಿಲ್ಲ. ನಕ್ಕ ಗೆಳೆಯರಲ್ಲಿ ಇಬ್ಬರ ಮನೆಗೆ ನಾನೇ ಹೋಗಿ ಹಾಕಿಕೊಟ್ಟೆ. ಪ್ರಿಂಟರ್ ಮಾತ್ರ ಯಾವುದಕ್ಕೂ ಬಗ್ಗಲಿಲ್ಲ. ಇವತ್ತಿಗೂ ಯುಎಸ್‌ಬಿ ವೈರ್‌ನಲ್ಲೇ ನೇತಾಡುತ್ತಿದೆ.