ಮೂರು ಹೆಜ್ಜೆ, ಆರು ಮೀಟರ್: ಹ್ಯಾಂಡ್‌ಬಾಲ್ ಆಡೋದು ಹೇಗೆ?

ತಿಪಟೂರು ಕಡೆ ಲಾರಿಗೆ ತೆಂಗಿನಕಾಯಿ ತುಂಬುವುದನ್ನು ನೋಡಿದ್ದೀರಾ? ಕೆಳಗೆ ನಿಂತವನು ಕಾಯಿ ಎಸೆಯುತ್ತಾನೆ, ಮೇಲಿದ್ದವನು ಹಿಡಿಯುತ್ತಾನೆ. ಹಿಡಿಯುವವನ ಕೈ ಗಮನಿಸಿ. ಕಾಯಿ ಅಂಗೈಗೆ ತಾಗುವ ಹೊತ್ತಿಗೆ ಕೈಯನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಳ್ಳುತ್ತಾನೆ. ಹಾಗೆ ಮಾಡದಿದ್ದರೆ ಮಧ್ಯಾಹ್ನದ ಊಟಕ್ಕೆ ಕೂರುವಷ್ಟರಲ್ಲಿ ಅಂಗೈ ಊದಿಕೊಂಡಿರುತ್ತದೆ. ನಮ್ಮ ಹೈಸ್ಕೂಲಿನ ಪಿಟಿ ಮೇಷ್ಟ್ರು ಹ್ಯಾಂಡ್‌ಬಾಲ್ ಕಲಿಸಲು ಶುರು ಮಾಡಿದ್ದೇ ಇಲ್ಲಿಂದ. "ಕಾಯಿ ಹಿಡಿಯೋಕೆ ಬರುತ್ತೇನ್ರೋ? ಹಂಗಾದ್ರೆ ಅರ್ಧ ಆಟ ಬಂತು" ಅಂದಿದ್ದರು.

ಉಳಿದರ್ಧ ನಿಯಮ. ಅದನ್ನು ಕಲಿಯುವುದು ಸುಲಭ. ಆಟದ ಬಿಸಿಯಲ್ಲಿ ನೆನಪಿಟ್ಟುಕೊಳ್ಳುವುದು ಕಷ್ಟ.

ಮೊದಲು ಒಂದು ಗೊಂದಲ ಬಗೆಹರಿಸಿಬಿಡೋಣ. ಹ್ಯಾಂಡ್‌ಬಾಲ್ ಅಂದ ತಕ್ಷಣ "ಥ್ರೋಬಾಲ್ ತಾನೇ?" ಅಂತ ಕೇಳುವವರೇ ಜಾಸ್ತಿ. ಅಲ್ಲ. ಥ್ರೋಬಾಲಿನಲ್ಲಿ ನಡುವೆ ನೆಟ್ ಇರುತ್ತದೆ, ಎದುರಾಳಿಗಳು ಆ ಕಡೆ ಇರುತ್ತಾರೆ. ಇಲ್ಲಿ ಎರಡೂ ತಂಡದವರು ಒಂದೇ ಕೋರ್ಟಿನಲ್ಲಿ ಬೆರೆತು ಓಡುತ್ತಾರೆ. ಚೆಂಡನ್ನು ಕೈಯಲ್ಲಿ ಎಸೆದು ಗೋಲು ಹೊಡೆಯಬೇಕು. ಡೆನ್ಮಾರ್ಕಿನ ಹೋಲ್ಗರ್ ನೀಲ್ಸನ್ ಎಂಬ ಶಿಕ್ಷಕರು 1906ರಲ್ಲೇ ಇದರ ನಿಯಮಗಳನ್ನು ಅಚ್ಚು ಹಾಕಿಸಿದ್ದರು. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಹುಲ್ಲಿನ ಮೈದಾನದಲ್ಲಿ ತಂಡಕ್ಕೆ ಹನ್ನೊಂದು ಜನ ಆಡಿದ್ದರು. ಈಗ ನಾವು ಆಡುವ ಏಳು ಜನರ ಆಟ ಒಲಿಂಪಿಕ್ಸ್‌ಗೆ ಬಂದಿದ್ದು 1972ರಲ್ಲಿ, ಮ್ಯೂನಿಕ್‌ನಲ್ಲಿ. ಮಹಿಳೆಯರ ಆಟ 1976ರಲ್ಲಿ ಸೇರಿತು. ನಮ್ಮ ದೇಶದಲ್ಲಿ 2023ರಲ್ಲಿ ಜೈಪುರದಲ್ಲಿ ಪ್ರೀಮಿಯರ್ ಲೀಗ್ ಕೂಡ ನಡೆಯಿತು. ಶಾಲಾ ಕ್ರೀಡಾಕೂಟದ ಪಟ್ಟಿಯಲ್ಲೂ ಈ ಆಟ ಇದೆ. ಹಾಗಿದ್ದರೂ ನಮ್ಮ ಹಳ್ಳಿ ಶಾಲೆಗಳಲ್ಲಿ ಕಬಡ್ಡಿ, ಖೋಖೋ, ವಾಲಿಬಾಲ್ ದಾಟಿ ಮುಂದೆ ಹೋಗುವವರು ಕಡಿಮೆ.

ಸುಣ್ಣ, ಹಗ್ಗ, ಗೂಟ

ಕೋರ್ಟು 40 ಮೀಟರ್ ಉದ್ದ, 20 ಮೀಟರ್ ಅಗಲ. ವಾಲಿಬಾಲ್ ಕೋರ್ಟಿನ ಸುಮಾರು ಐದು ಪಟ್ಟು ಜಾಗ. ಎರಡೂ ತುದಿಯಲ್ಲಿ ಒಂದೊಂದು ಗೋಲು, 3 ಮೀಟರ್ ಅಗಲ, 2 ಮೀಟರ್ ಎತ್ತರ. ಕಬ್ಬಿಣದ ಪೋಸ್ಟ್ ಇಲ್ಲದಿದ್ದರೆ ಗಟ್ಟಿ ಮರದ ಕಂಬ ಹೂಳಿ. ಯಾವುದನ್ನೇ ನಿಲ್ಲಿಸಿದರೂ ಅಲ್ಲಾಡದ ಹಾಗೆ ಭದ್ರ ಮಾಡಿ. ಮಕ್ಕಳು ಪೋಸ್ಟಿಗೆ ಜೋತು ಬೀಳದೆ ಇರುವುದಿಲ್ಲ.

ಈಗ ಮುಖ್ಯವಾದ ಗೆರೆ. ಗೋಲಿನ ಮುಂದೆ 6 ಮೀಟರ್ ದೂರದಲ್ಲಿ ಡೊಂಕಾದ ಗೆರೆ ಒಂದು ಬರುತ್ತದೆ. ಆಟಗಾರರು ಅದರ ಒಳಗಿನ ಜಾಗವನ್ನು 'ಡಿ' ಅನ್ನುತ್ತಾರೆ. ಇದನ್ನು ಕಣ್ಣಂದಾಜಿನಲ್ಲಿ ಎಳೆಯಲು ಹೋಗಬೇಡಿ. 6 ಮೀಟರ್ ಹಗ್ಗದ ಒಂದು ತುದಿಯನ್ನು ಎಡಗಡೆ ಪೋಸ್ಟಿನ ಬುಡದಲ್ಲಿ ಗೂಟಕ್ಕೆ ಕಟ್ಟಿ. ಇನ್ನೊಂದು ತುದಿ ಹಿಡಿದು ಗೋಲು ಗೆರೆಯ ಮೇಲೆ ನಿಂತು, ಹಗ್ಗ ಬಿಗಿಯಾಗಿ ಇಟ್ಟುಕೊಂಡು ಪೋಸ್ಟಿನ ನೇರ ಮುಂದಕ್ಕೆ ಬರುವವರೆಗೆ ಸುತ್ತಿ. ಹಿಂದೆಯೇ ಇನ್ನೊಬ್ಬರು ಸುಣ್ಣದ ಪುಡಿ ಉದುರಿಸುತ್ತಾ ಬರಲಿ. ಕಾಲು ವೃತ್ತ ಆಯಿತು. ಬಲಗಡೆ ಪೋಸ್ಟಿನಿಂದಲೂ ಹೀಗೇ ಮಾಡಿ. ಎರಡೂ ವೃತ್ತಗಳ ತುದಿಯನ್ನು ನಡುವೆ 3 ಮೀಟರ್ ನೇರ ಗೆರೆಯಿಂದ ಸೇರಿಸಿದರೆ ಡಿ ಸಿದ್ಧ.

ಹಗ್ಗವನ್ನು 9 ಮೀಟರಿಗೆ ಬಿಟ್ಟು ಅದೇ ಆಕಾರದ ಇನ್ನೊಂದು ಗೆರೆ ಹಾಕಬೇಕು, ಆದರೆ ತುಂಡು ತುಂಡಾಗಿ. ಈ ಸಲ ಹಗ್ಗ ಗೋಲು ಗೆರೆಯವರೆಗೆ ಬರುವುದಿಲ್ಲ, ಅದಕ್ಕೂ ಮೊದಲೇ ಕೋರ್ಟಿನ ಪಕ್ಕದ ಗೆರೆಗೆ ತಾಗಿಬಿಡುತ್ತದೆ. ತಪ್ಪು ಮಾಡಿದೆವೇನೋ ಅಂತ ಗಾಬರಿ ಬೇಡ, ಅದು ಇರುವುದೇ ಹಾಗೆ. ಗೋಲಿನ ಎದುರಿಗೆ 7 ಮೀಟರಿನಲ್ಲಿ ಒಂದು ಮೀಟರ್ ಉದ್ದದ ಗೆರೆ ಎಳೆಯಿರಿ, ಪೆನಾಲ್ಟಿಗೆ. ಕೋರ್ಟಿನ ನಡುವೆ ಅಡ್ಡಗೆರೆ ಇರಲಿ.

ಜಾಗ ಸಾಲದಿದ್ದರೆ ಕೋರ್ಟಿನ ಉದ್ದ 30 ಮೀಟರಿಗೆ ಇಳಿಸಿಕೊಳ್ಳಿ, ಅಭ್ಯಾಸಕ್ಕೆ ತೊಂದರೆ ಇಲ್ಲ. ಡಿ ಮಾತ್ರ ಚಿಕ್ಕದು ಮಾಡಬೇಡಿ. ಗೋಲಿಯ, ಅಂದರೆ ಗೋಲ್‌ಕೀಪರ್ ಮುಖಕ್ಕೆ ಅಷ್ಟು ಹತ್ತಿರದಿಂದ ಚೆಂಡು ಬರಬಾರದು.

ಚೆಂಡು, ಆಟಗಾರರು, ಸಮಯ

ದೊಡ್ಡ ಹುಡುಗರು ಮತ್ತು ಗಂಡಸರ ಚೆಂಡು 58ರಿಂದ 60 ಸೆಂಟಿಮೀಟರ್ ಸುತ್ತಳತೆ, 425ರಿಂದ 475 ಗ್ರಾಂ ತೂಕ. ಹೆಚ್ಚು ಕಡಿಮೆ ಸುಲಿದ ತೆಂಗಿನಕಾಯಿಯಷ್ಟೇ ಭಾರ. ಹೆಂಗಸರ ಚೆಂಡು 54ರಿಂದ 56 ಸೆಂಟಿಮೀಟರ್, ಚಿಕ್ಕ ಮಕ್ಕಳದ್ದು ಇನ್ನೂ ಸಣ್ಣದು. ಅಂಗಡಿಯಲ್ಲಿ ಮೂರು, ಎರಡು, ಒಂದನೇ ಸೈಜು ಅಂತ ಕೇಳಿದರೆ ಕೊಡುತ್ತಾರೆ. ಐದನೇ ಕ್ಲಾಸಿನ ಮಗುವಿಗೆ ಮೂರನೇ ಸೈಜು ಕೊಟ್ಟರೆ ಒಂದು ಕೈಯಲ್ಲಿ ಹಿಡಿಯಲು ಆಗುವುದಿಲ್ಲ, ಎರಡೇ ದಿನಕ್ಕೆ ಆಟ ಬೇಡ ಅನ್ನುತ್ತದೆ.

ಒಂದು ತಂಡದಿಂದ ಕೋರ್ಟಿನಲ್ಲಿ ಏಳು ಜನ, ಗೋಲ್‌ಕೀಪರ್ ಸೇರಿ. ಹೊರಗೆ ಕೂತವರು ಯಾವಾಗ ಬೇಕಾದರೂ ಬದಲಿಯಾಗಿ ಬರಬಹುದು, ರೆಫರಿಯನ್ನು ಕೇಳಬೇಕಿಲ್ಲ. ಆದರೆ ತಮ್ಮ ತಂಡದ ಬೆಂಚಿನ ಮುಂದೆ, ನಡುಗೆರೆಯಿಂದ ನಾಲ್ಕೂವರೆ ಮೀಟರಿನೊಳಗಿನ ಜಾಗದಲ್ಲೇ ಹೊರಹೋಗಿ ಒಳಬರಬೇಕು. ಒಬ್ಬ ಹೊರಗೆ ಕಾಲಿಡುವ ಮೊದಲೇ ಇನ್ನೊಬ್ಬ ಒಳಗೆ ನುಗ್ಗಿದರೆ ಎರಡು ನಿಮಿಷ ಹೊರಗೆ ಕೂರುವ ಶಿಕ್ಷೆ. ಹದಿನಾರು ದಾಟಿದವರಿಗೆ ಆಟ 30 ನಿಮಿಷದ ಎರಡು ಅವಧಿ, 12ರಿಂದ 16ರವರಿಗೆ 25 ನಿಮಿಷದ್ದು, ಅದಕ್ಕಿಂತ ಚಿಕ್ಕವರಿಗೆ 20 ನಿಮಿಷದ್ದು.

ಟಾಸ್ ಗೆದ್ದವರು ಚೆಂಡು ತೆಗೆದುಕೊಂಡರೆ ನಡುಗೆರೆಯಿಂದ ಪಾಸ್ ಕೊಟ್ಟು ಆಟ ಶುರು. ಗೋಲು ಬಿದ್ದಾಗಲೂ ಹಾಗೆಯೇ, ಗೋಲು ತಿಂದ ತಂಡ ನಡುವಿನಿಂದ ಶುರು ಮಾಡುತ್ತದೆ.

ಹೆಜ್ಜೆ ಲೆಕ್ಕ

ಚೆಂಡು ಕೈಯಲ್ಲಿ ಹಿಡಿದು ಮೂರು ಹೆಜ್ಜೆ ಹಾಕಬಹುದು. ಹಿಡಿದುಕೊಂಡು ನಿಂತರೆ ಮೂರು ಸೆಕೆಂಡ್ ಮಾತ್ರ. ಅಷ್ಟರಲ್ಲಿ ಪಾಸ್ ಕೊಡಬೇಕು, ಗೋಲಿಗೆ ಹೊಡೆಯಬೇಕು, ಇಲ್ಲವೇ ನೆಲಕ್ಕೆ ಪುಟಿಸಲು ಶುರು ಮಾಡಬೇಕು. ಪುಟಿಸುತ್ತಾ ಎಷ್ಟು ದೂರ ಓಡಿದರೂ ಲೆಕ್ಕ ಇಲ್ಲ. ಮತ್ತೆ ಕೈಯಲ್ಲಿ ಹಿಡಿದ ಮೇಲೆ ಇನ್ನೂ ಮೂರು ಹೆಜ್ಜೆ ಸಿಗುತ್ತದೆ. ಆದರೆ ಎರಡನೇ ಸಲ ಪುಟಿಸುವ ಹಾಗಿಲ್ಲ. ಒಟ್ಟಿನಲ್ಲಿ ಮೂರು ಹೆಜ್ಜೆ, ಪುಟಿಸಿ ಓಟ, ಮೂರು ಹೆಜ್ಜೆ, ಆಮೇಲೆ ಚೆಂಡು ಕೈ ಬಿಡಲೇಬೇಕು.

ಹೊಸಬರು ಎಡವುವುದು ಒಂದನೇ ಹೆಜ್ಜೆ ಯಾವುದು ಅನ್ನುವಲ್ಲಿ. ನಿಂತಲ್ಲೇ ಚೆಂಡು ಹಿಡಿದಿದ್ದರೆ, ಎತ್ತಿ ಇಟ್ಟ ಮೊದಲ ಕಾಲೇ ಒಂದು. ಜಿಗಿದು ಗಾಳಿಯಲ್ಲಿ ಹಿಡಿದಿದ್ದರೆ, ನೆಲಕ್ಕೆ ಇಳಿದ ಕಾಲು ಲೆಕ್ಕಕ್ಕಿಲ್ಲ, ಅದು ಸೊನ್ನೆ. ಅದರ ಮುಂದಿನದು ಒಂದು. ಹಾಗಾಗಿ ಓಡುತ್ತಾ, ಎರಡೂ ಕಾಲು ನೆಲ ಬಿಟ್ಟಾಗ ಚೆಂಡು ಹಿಡಿಯುವ ಅಭ್ಯಾಸ ಮಾಡಿಕೊಂಡವರಿಗೆ ಒಂದು ಹೆಜ್ಜೆ ಪುಗಸಟ್ಟೆ ಸಿಕ್ಕಿದ ಹಾಗೆ. ಬಲಗೈಯವರಾದರೆ ಇಳಿದ ಮೇಲೆ ಎಡ, ಬಲ, ಎಡ ಅಂತ ಹಾಕಿ ಎಡಗಾಲಿನ ಮೇಲೆ ಜಿಗಿದು ಎಸೆಯಿರಿ. ಶುರುವಿನಲ್ಲಿ ಬಾಯಲ್ಲಿ "ಒಂದು, ಎರಡು, ಮೂರು" ಅಂತ ಹೇಳಿಕೊಂಡೇ ಮಾಡಿ. ನಾಚಿಕೆ ಬೇಡ, ನಾವೆಲ್ಲ ಹಾಗೇ ಕಲಿತಿದ್ದು.

ಚೆಂಡು ಮೊಣಕಾಲಿನಿಂದ ಕೆಳಗೆ ತಾಗಬಾರದು. ಎದುರಾಳಿ ನಿಮ್ಮ ಕಾಲಿಗೇ ಹೊಡೆದರೆ ಅದು ನಿಮ್ಮ ತಪ್ಪಲ್ಲ. ನಮ್ಮ ಕಡೆಯ ಮಣ್ಣಿನ ಮೈದಾನದಲ್ಲಿ ಚೆಂಡು ಸರಿಯಾಗಿ ಪುಟಿಯುವುದಿಲ್ಲ, ಕಲ್ಲು ಸಿಕ್ಕರೆ ಎಲ್ಲೋ ಹಾರುತ್ತದೆ. ಪಾಸ್ ಮಾಡಿ ಆಡುವುದೇ ವಾಸಿ.

ಡಿ ಒಳಗೆ ಗೋಲಿ ಒಬ್ಬನೇ

ಡಿ ಒಳಗೆ ಗೋಲ್‌ಕೀಪರ್ ಬಿಟ್ಟು ಬೇರೆ ಯಾರೂ ಕಾಲಿಡುವಂತಿಲ್ಲ. ಹೊಡೆಯುವವರೂ ಇಲ್ಲ, ತಡೆಯುವವರೂ ಇಲ್ಲ. ಮತ್ತೆ, ಗೆರೆಯೂ ಡಿ ಲೆಕ್ಕವೇ. ಗೆರೆ ತುಳಿದರೆ ಒಳಗೆ ಬಂದ ಹಾಗೆ.

ಇದು ನನಗೆ ಚೆನ್ನಾಗಿ ನೆನಪಿದೆ. ಒಂಬತ್ತನೇ ಕ್ಲಾಸಿನಲ್ಲಿ ತುಮಕೂರಿಗೆ ಆಡಲು ಹೋಗಿದ್ದೆವು. ಕೊನೇ ನಿಮಿಷ, ಎರಡೂ ತಂಡ ಸಮ. ನಾನು ಓಡಿಬಂದು ಜೋರಾಗಿ ಹೊಡೆದೆ, ಚೆಂಡು ನೆಟ್ಟಿಗೆ ಬಿತ್ತು. ನಮ್ಮವರೆಲ್ಲ ಕುಣಿಯುತ್ತಿದ್ದಾರೆ, ರೆಫರಿ ಮಾತ್ರ ಬಗ್ಗಿ ನೆಲ ತೋರಿಸುತ್ತಿದ್ದಾರೆ. ಸುಣ್ಣದ ಗೆರೆಯಲ್ಲಿ ನನ್ನ ಕ್ಯಾನ್ವಾಸ್ ಶೂವಿನ ತುದಿ ಮೂಡಿತ್ತು, ಅರ್ಧ ಇಂಚು ಇರಬಹುದು. ಗೋಲು ಇಲ್ಲ, ಚೆಂಡು ಅವರ ಗೋಲ್‌ಕೀಪರ್ ಕೈಗೆ. ವಾಪಸ್ ಬರುವಾಗ ಬಸ್ಸಿನಲ್ಲಿ ಯಾರೂ ನನ್ನ ಪಕ್ಕ ಕೂರಲಿಲ್ಲ.

ಹಾಗಾದರೆ ಟಿವಿಯಲ್ಲಿ ಅಷ್ಟು ಒಳಗೆ ಹಾರಿ ಹೊಡೆಯುತ್ತಾರಲ್ಲ? ಅದು ಸರಿ. ಗೆರೆಯ ಹೊರಗಿನಿಂದ ಜಿಗಿದು, ಗಾಳಿಯಲ್ಲಿ ಇರುವಾಗಲೇ ಚೆಂಡು ಬಿಟ್ಟರೆ ಆಯಿತು. ಆಮೇಲೆ ಡಿ ಒಳಗೆ ಬಿದ್ದರೂ ತಪ್ಪಿಲ್ಲ. ಈ ಆಟದ ಸೊಗಸೆಲ್ಲ ಆ ಒಂದು ಜಿಗಿತದಲ್ಲೇ ಇದೆ ಅನ್ನುವುದು ನನ್ನ ಅಭಿಪ್ರಾಯ.

ಡಿ ಒಳಗೆ ಉರುಳುತ್ತಿರುವ ಅಥವಾ ನಿಂತಿರುವ ಚೆಂಡು ಗೋಲಿಯದ್ದು, ಹೊರಗಿನಿಂದ ಕೈ ಚಾಚಿ ಎಳೆದುಕೊಳ್ಳಬಾರದು. ಗಾಳಿಯಲ್ಲಿದ್ದರೆ ಹಿಡಿಯಬಹುದು. ಡಿ ಒಳಗೆ ನಿಂತ ನಮ್ಮದೇ ಗೋಲಿಗೆ ಹಿಂದಕ್ಕೆ ಪಾಸ್ ಕೊಡುವುದೂ ತಪ್ಪು. ಗೋಲಿ ತನ್ನ ಜಾಗದಲ್ಲಿ ಕಾಲು, ಎದೆ, ಯಾವುದರಲ್ಲಾದರೂ ತಡೆಯಬಹುದು, ಹೆಜ್ಜೆಯ ಲೆಕ್ಕವೂ ಇಲ್ಲ. ಚೆಂಡು ಬಿಟ್ಟು ಹೊರಗೆ ಬಂದರೆ ಅವನೂ ಎಲ್ಲರಂತೆ ಒಬ್ಬ ಆಟಗಾರ.

ತಡೆಯುವುದು, ಸಿಕ್ಕಿಬೀಳುವುದು

ಎದೆಯೊಡ್ಡಿ ದಾರಿಗೆ ಅಡ್ಡ ನಿಲ್ಲಬಹುದು. ಮೊಣಕೈ ಮಡಚಿ ಎದುರಿನಿಂದ ತಡೆದು ಜೊತೆಗೇ ಸಾಗಬಹುದು. ಬಿಚ್ಚಿದ ಅಂಗೈಯಿಂದ ಚೆಂಡು ತಟ್ಟಬಹುದು. ಕಿತ್ತುಕೊಳ್ಳುವುದು, ಅಂಗಿ ಎಳೆಯುವುದು, ತಳ್ಳುವುದು, ಹಿಂದಿನಿಂದ ಹಿಡಿಯುವುದು ತಪ್ಪು. ಕಬಡ್ಡಿಯಿಂದ ಬಂದ ಹುಡುಗರಿಗೆ ಇದನ್ನು ಹತ್ತು ಸಲ ಹೇಳಬೇಕಾಗುತ್ತದೆ, ಅವರ ಕೈ ತಾನಾಗಿಯೇ ಸೊಂಟಕ್ಕೆ ಹೋಗುತ್ತದೆ.

ಸಾಮಾನ್ಯ ತಪ್ಪಿಗೆ ಅದೇ ಜಾಗದಿಂದ ಫ್ರೀ ಥ್ರೋ. ತಪ್ಪು ನಡೆದಿದ್ದು 9 ಮೀಟರ್ ಗೆರೆಯ ಒಳಗಾದರೆ, ಆ ಗೆರೆಯ ಹೊರಗೆ ಬಂದು ಎಸೆಯಬೇಕು. ತಡೆಯುವವರು 3 ಮೀಟರ್ ದೂರ ನಿಲ್ಲಬೇಕು. ಖಂಡಿತ ಗೋಲು ಆಗುತ್ತಿದ್ದುದನ್ನು ಅಡ್ಡದಾರಿಯಲ್ಲಿ ತಪ್ಪಿಸಿದರೆ 7 ಮೀಟರ್ ಥ್ರೋ. ಎಸೆಯುವವನು ಮತ್ತು ಗೋಲಿ ಇಬ್ಬರೇ, ರೆಫರಿ ಸೀಟಿ ಊದಿದ ಮೂರು ಸೆಕೆಂಡಿನೊಳಗೆ ಎಸೆಯಬೇಕು, ಒಂದು ಕಾಲು ನೆಲ ಬಿಡಲೇಬಾರದು.

ಒರಟಾಟಕ್ಕೆ ಮೊದಲು ಹಳದಿ ಕಾರ್ಡು, ಆಮೇಲೆ ಎರಡು ನಿಮಿಷ ಹೊರಗೆ. ಆ ಎರಡು ನಿಮಿಷ ತಂಡ ಒಬ್ಬರು ಕಡಿಮೆಯಿಟ್ಟುಕೊಂಡೇ ಆಡಬೇಕು. ಒಬ್ಬರೇ ಮೂರು ಸಲ ಹೀಗೆ ಹೊರಗೆ ಕೂತರೆ ಕೆಂಪು ಕಾರ್ಡು, ಆಟ ಮುಗಿಯಿತು. ತಡೆಯುವವರಿಲ್ಲದೆ ನೇರವಾಗಿ ಹೊಡೆದ ಚೆಂಡು ಗೋಲಿಯ ತಲೆಗೆ ಬಡಿದರೂ ಈಗ ಎರಡು ನಿಮಿಷದ ಶಿಕ್ಷೆ ಇದೆ. 2022ರಲ್ಲಿ ಬಂದ ಈ ನಿಯಮ ಒಳ್ಳೆಯದೇ ಆಯಿತು.

ಗೋಲಿಗೆ ಹೊಡೆಯುವ ಯೋಚನೆಯೇ ಇಲ್ಲದೆ ಸುಮ್ನೆ ಚೆಂಡು ಆಡಿಸುತ್ತಾ ಕಾಲ ಕಳೆದರೆ ರೆಫರಿ ಕೈ ಮೇಲೆತ್ತುತ್ತಾರೆ. ಅಲ್ಲಿಂದ ನಾಲ್ಕು ಪಾಸ್ ಒಳಗೆ ಹೊಡೆಯಬೇಕು, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಮೊದಲು ಆರು ಪಾಸ್ ಇತ್ತು, ಅದೂ 2022ರಲ್ಲೇ ಕಡಿಮೆಯಾಯಿತು.

ಮೊದಲ ದಿನ ಇಷ್ಟನ್ನೆಲ್ಲ ಮಕ್ಕಳ ತಲೆಗೆ ತುಂಬಬೇಡಿ. ನಾಲ್ಕು ನಾಲ್ಕು ಜನರ ಎರಡು ತಂಡ ಮಾಡಿ, ಹತ್ತು ನಿಮಿಷ ಆಡಿಸಿ. ಸೀಟಿ ಎರಡಕ್ಕೆ ಮಾತ್ರ ಊದಿ: ನಾಲ್ಕನೇ ಹೆಜ್ಜೆಗೆ, ಗೆರೆ ತುಳಿದಿದ್ದಕ್ಕೆ. ಅರ್ಧ ಆಟ ಮುಗಿಯುವಷ್ಟರಲ್ಲಿ ಓಡಾಟಕ್ಕೆ ಸುಣ್ಣ ಅಳಿಸಿಹೋಗಿ ಜಗಳ ಶುರುವಾಗುತ್ತದೆ. ಇನ್ನೊಂದು ಡಬ್ಬಿ ಪುಡಿ ಪಕ್ಕದಲ್ಲೇ ಇಟ್ಟುಕೊಂಡಿರಿ.